ಬೇಲೂರಿನ ಕರಿಕಲ್ಲು ಚೆಲುವು, ಮನೆಯ ಮಗಳು ಕಪ್ಪು: ಈ ಎರಡು ಅಳತೆ ಏಕೆ?

ಪ್ರಶ್ನೆ: ನಾನು ಆಲೂರು ತಾಲ್ಲೂಕಿನವಳು, ಪ್ರೌಢಶಾಲೆಯ ಶಿಕ್ಷಕಿ. ಬಿ.ಎ. ಮುಗಿಸಿರುವ ಮಗಳಿಗೆ ಗಂಡು ನೋಡುತ್ತಿದ್ದೇವೆ. ಬಂದವರೆಲ್ಲ ಕಾಫಿ ಕುಡಿದು, ‘ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಮಾತ್ರ ಸ್ವಲ್ಪ ಕಡಿಮೆ’ ಎಂದು ಹೇಳಿ ಹೋಗುತ್ತಾರೆ. ಹಾಗೆ ಹೇಳಿದ ಒಂದು ಕುಟುಂಬವನ್ನು ಅದೇ ದಿನ ಮಧ್ಯಾಹ್ನ ನಾವೇ ಬೇಲೂರಿಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿ ದೇವಾಲಯದ ಕಪ್ಪುಕಲ್ಲಿನ ಹೆಣ್ಣುಶಿಲ್ಪಗಳಾದ ಮದನಿಕೆಯರನ್ನು ನೋಡಿ ಅವರು ‘ಎಂಥ ಸೌಂದರ್ಯ!’ ಎಂದು ಬಾಯಿತುಂಬ ಹೊಗಳಿದರು. ರಾತ್ರಿ ಮಗಳು ‘ಸೌಂದರ್ಯ ಅಂದರೆ ಏನಮ್ಮ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಸಮಾಜದ ಸೌಂದರ್ಯ, ಶಿಲ್ಪದ ಸೌಂದರ್ಯ, ಕಾವ್ಯದ ಸೌಂದರ್ಯ ಎಲ್ಲವೂ ಒಂದೆಯೇ? ಹೆಣ್ಣಿನ ಅಂಗಾಂಗಗಳನ್ನು ವರ್ಣಿಸುತ್ತ ಬಂದ ಕವಿಗಳೂ ಈ ಸ್ಥಿತಿಗೆ ಹೊಣೆಯಲ್ಲವೇ?

ಉತ್ತರ: ನಿಮ್ಮ ಮಗಳ ಪ್ರಶ್ನೆಗೆ ಮೊದಲು ನೇರವಾದ ಉತ್ತರ ಕೊಟ್ಟು, ಆಮೇಲೆ ಅದರ ಕಾರಣಗಳಿಗೆ ಬರುತ್ತೇನೆ. ನಿಮ್ಮ ಮನೆಗೆ ಬಂದವರು ಬೆಳಿಗ್ಗೆ ಅಳೆದರು, ಮಧ್ಯಾಹ್ನ ನೋಡಿದರು. ಅಳೆಯುವವರಿಗೆ ಎದುರಿಗಿರುವುದು ಬೇರೊಂದಕ್ಕಿಂತ ಹೆಚ್ಚೋ ಕಡಿಮೆಯೋ, ತಮಗೆ ಎಷ್ಟರಮಟ್ಟಿಗೆ ಒದಗೀತು ಎಂಬುದಷ್ಟೇ ಬೇಕು. ನೋಡುವವರಿಗೆ ಎದುರಿಗಿರುವುದು ಯಾವುದು, ಅದು ಹೇಗೆ ತನ್ನಷ್ಟಕ್ಕೆ ತಾನು ತುಂಬಿಕೊಂಡು ನಿಂತಿದೆ ಎಂಬುದು ಬೇಕು. ಸೌಂದರ್ಯ ದೊರಕುವುದು ಈ ಎರಡನೆಯವರಿಗೆ ಮಾತ್ರ ಎಂಬುದು ಬಹಳ ವರ್ಷ ಕಾವ್ಯಮೀಮಾಂಸೆಯ ಪಾಠ ಹೇಳುತ್ತ ನನ್ನಲ್ಲಿ ಗಟ್ಟಿಯಾಗಿರುವ ನಂಬಿಕೆ. ದನದ ಜಾತ್ರೆಯಲ್ಲಿ ವ್ಯಾಪಾರ ಕುದುರಿಸುವ ಮೊದಲು ಎತ್ತಿನ ಬಾಯಿ ತೆರೆದು ಹಲ್ಲು ನೋಡುವ ರೀತಿಯಲ್ಲಿ ಒಬ್ಬ ಹುಡುಗಿಯ ಮೈಬಣ್ಣ ನೋಡಿದವರಿಗೆ ಆ ಹುಡುಗಿ ಕಾಣಿಸಿಯೇ ಇಲ್ಲ. ಆದ್ದರಿಂದ ಅವರ ಮಾತು ನಿಮ್ಮ ಮಗಳ ಸೌಂದರ್ಯದ ಬಗ್ಗೆ ಹೇಳಿದ ಮಾತೇ ಅಲ್ಲ. ಇದು ಸಮಾಧಾನಕ್ಕಾಗಿ ಹೇಳುತ್ತಿರುವುದಲ್ಲ, ಶಾಸ್ತ್ರದ ದೃಷ್ಟಿಯಿಂದಲೂ ಹೀಗೆಯೇ ಎಂದು ತೋರಿಸಲು ಪ್ರಯತ್ನಿಸುತ್ತೇನೆ.

ಬೇಲೂರಿನಿಂದಲೇ ಆರಂಭಿಸೋಣ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಅಲ್ಲಿಯ ಚೆನ್ನಕೇಶವ ದೇವಾಲಯದಲ್ಲಿ 42 ಮದನಿಕೆಯರಿದ್ದಾರೆ. 38 ಹೊರಗೆ, 4 ಒಳಗೆ. ಕಂಬದ ತಲೆಗೂ ಮುಂಚಾಚಿದ ಸೂರಿಗೂ ನಡುವಿನ ಇಕ್ಕಟ್ಟಾದ ಓರೆ ಜಾಗ ಅವರ ಸ್ಥಾನ. ಈ ಇಕ್ಕಟ್ಟನ್ನು ಮರೆತು ಮದನಿಕೆಯರನ್ನು ನೋಡಿದರೆ ಅರ್ಧವಷ್ಟೇ ಕಾಣುತ್ತದೆ. ಶಿಲ್ಪಿಗೆ ಸಿಕ್ಕಿದ್ದು ಕೆಳಗೆ ಕಿರಿದಾಗಿ ಮೇಲೆ ಮುಂದಕ್ಕೆ ಬಾಗಿದ ಒಂದು ಜಾಗ. ಅದರಲ್ಲಿ ಒಬ್ಬ ಹೆಂಗಸು ನಿಲ್ಲಬೇಕು, ನಿಂತದ್ದು ಬಲವಂತವಾಗಿ ತುರುಕಿದಂತೆ ಕಾಣಬಾರದು. ದರ್ಪಣಸುಂದರಿಯ ಮುಂದೆ ನಿಂತು ಅವಳ ಮುಖವನ್ನು ಬಿಟ್ಟು ಕಾಲಿನಿಂದ ಮೇಲಕ್ಕೆ ಕಣ್ಣು ಹಾಯಿಸಿ. ದೇಹದ ಭಾರ ಒಂದು ಕಾಲಿನ ಮೇಲೆ ಬಿದ್ದಿದೆ, ಅದರಿಂದಾಗಿ ಸೊಂಟ ಒಂದು ಕಡೆಗೆ ಸರಿದಿದೆ, ಸೊಂಟ ಸರಿದದ್ದನ್ನು ಸರಿದೂಗಿಸಲು ಎದೆಯ ಭಾಗ ಇನ್ನೊಂದು ಕಡೆಗೆ ತಿರುಗಿದೆ, ಕೊನೆಗೆ ಕತ್ತು ಮತ್ತೆ ಈಚೆಗೆ ವಾಲಿ ಕಣ್ಣು ಕನ್ನಡಿಯನ್ನು ಸೇರುತ್ತದೆ. ನಮ್ಮ ದೃಷ್ಟಿ ಎಲ್ಲಿಯೂ ತಡೆಯಿಲ್ಲದೆ ಹಾವಿನಂತೆ ಹರಿದು ಅವಳ ಕೈಯ ಕನ್ನಡಿಗೆ ಹೋಗಿ ನಿಲ್ಲುತ್ತದೆ. ಅವಳ ತಲೆಯ ಮೇಲೆ ಬಳ್ಳಿಯ ಮಂಟಪ. ಎಲೆಎಲೆಗಳ ನಡುವೆ ಕಲ್ಲನ್ನು ಕೊರೆದು ತೆಗೆದಿರುವುದರಿಂದ ಬೆಳಕು ಒಳಕ್ಕೆ ನುಸುಳಿ, ಮೈಯ ಮೇಲೆ ನೆರಳಿನ ಸಣ್ಣ ಚುಕ್ಕೆಗಳು ಬೀಳುತ್ತವೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದರಿಂದ ಇಂಥ ಕುಸುರಿ ಸಾಧ್ಯವಾಯಿತು. ಇನ್ನೊಂದು ಕಡೆ ಇದೇ ಬಗೆಯ ಎಲೆಮಂಟಪದಲ್ಲಿ ಹಣ್ಣಿನ ಮೇಲೆ ಕೂತ ನೊಣವೊಂದಿದೆ, ಅದನ್ನು ಹಿಡಿಯಲು ಹೊಂಚುಹಾಕಿದ ಹಲ್ಲಿಯಿದೆ. ಹಲ್ಲಿಯನ್ನು ಯಾರು ಸುಂದರವೆಂದಾರು? ಆದರೆ ಅದನ್ನು ಕಂಡವರ ಮುಖ ಅರಳುವುದನ್ನು ನೀವೂ ನೋಡಿರುತ್ತೀರಿ.

ಈಗ ಮುಖಗಳನ್ನು ಗಮನಿಸಿ. ಮದನಿಕೆಯರ ಮುಖಗಳಲ್ಲಿ ಒಬ್ಬಳಿಗೂ ಇನ್ನೊಬ್ಬಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ; ಅವೆಲ್ಲ ಪರಂಪರೆ ಹಾಕಿಕೊಟ್ಟ ಒಂದೇ ಅಚ್ಚಿನವು. ಒಬ್ಬಳನ್ನು ಇನ್ನೊಬ್ಬಳಿಂದ ಬೇರೆ ಮಾಡುವುದು ಅವಳು ಮಾಡುತ್ತಿರುವ ಕೆಲಸ. ಒಬ್ಬಳು ಬೇಟೆಗೆ ಹೊರಟಿದ್ದಾಳೆ, ಒಬ್ಬಳು ಮದ್ದಳೆ ಬಾರಿಸುತ್ತಿದ್ದಾಳೆ, ಒಬ್ಬಳು ಗಿಳಿಯೊಡನೆ ಮಾತಾಡುತ್ತಿದ್ದಾಳೆ, ಒಬ್ಬಳು ಸೀರೆ ಎಳೆಯುವ ಕೋತಿಯನ್ನು ಗದರಿಸುತ್ತಿದ್ದಾಳೆ. ದರ್ಪಣಸುಂದರಿ ವಿಷ್ಣುವರ್ಧನನ ರಾಣಿ ಶಾಂತಲೆಯೇ ಎಂದು ಪ್ರವಾಸಿಗರಿಗೆ ಹೇಳುವುದುಂಟು. ಅದಕ್ಕೆ ಶಾಸನದ ಆಧಾರವಿಲ್ಲ. ಶಾಂತಲೆಯನ್ನು ಕುರಿತ ಶಾಸನಗಳು ಅವಳ ರೂಪವನ್ನು ಹೊಗಳುವುದರ ಜೊತೆಗೆ ಗೀತ, ವಾದ್ಯ, ನೃತ್ಯಗಳಲ್ಲಿ ಅವಳಿಗಿದ್ದ ಪರಿಣತಿಯನ್ನು ಎತ್ತಿ ಹೇಳುತ್ತವೆ. ಬೇಲೂರಿನಲ್ಲೇ ಕಪ್ಪೆಚೆನ್ನಿಗರಾಯನ ಗುಡಿಯನ್ನು, ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು ಅವಳು. ಮದನಿಕೆಯರನ್ನು ಕಡೆದವರೂ ಅನಾಮಿಕರಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕೆತ್ತಿಟ್ಟು ಹೋಗಿದ್ದಾರೆ. ನಿಮ್ಮ ಅತಿಥಿಗಳು ‘ಎಂಥ ಸೌಂದರ್ಯ’ ಎಂದಾಗ ಅವರಿಗೆ ಅರಿವಿಲ್ಲದೆಯೇ ಮೆಚ್ಚಿದ್ದು ಈ ನಿಲುವನ್ನು, ಈ ಚಲನೆಯನ್ನು, ಈ ಕೆಲಸಗಾರಿಕೆಯನ್ನು. ಕಲ್ಲು ಕಪ್ಪೇ ಎಂಬ ವಿಚಾರ ಅವರ ತಲೆಗೆ ಹೊಳೆಯಲೇ ಇಲ್ಲ. ಒಳಗೆ ಗರ್ಭಗುಡಿಯಲ್ಲಿ ಅವರು ಕೈಮುಗಿದ ಚೆನ್ನಕೇಶವನೂ ಕರಿಕಲ್ಲಿನವನೇ. ಮಹಾಭಾರತದ ದ್ರೌಪದಿ ಕಪ್ಪು. ಕೃಷ್ಣೆ ಎಂಬುದು ಅವಳ ಇನ್ನೊಂದು ಹೆಸರು. ಆಕೆಯ ಸ್ವಯಂವರಕ್ಕೆ ದೇಶದೇಶದ ರಾಜರು ನೆರೆದರೆಂದು ನಾವು ಓದುತ್ತೇವೆ. ಆ ಪಾಠವನ್ನು ತರಗತಿಯಲ್ಲಿ ಹೇಳಿ ಮನೆಗೆ ಬಂದು ಮಗುವಿಗೆ ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀ ಎನ್ನುವ ನಮ್ಮ ನಡವಳಿಕೆಯನ್ನು ಎಷ್ಟು ಖಂಡಿಸಿದರೂ ಕಡಿಮೆಯೇ.

ಅಂಗಗಳನ್ನು ಪಟ್ಟಿ ಮಾಡಿ ಕೂಡಿಸಿದರೆ ಚೆಲುವು ಬರುವುದಿಲ್ಲವೆಂಬುದನ್ನು 9ನೆಯ ಶತಮಾನದಲ್ಲೇ ಕಾಶ್ಮೀರದ ಆನಂದವರ್ಧನ ಸ್ಪಷ್ಟವಾಗಿ ಹೇಳಿದ್ದಾನೆ. ಮಹಾಕವಿಗಳ ಮಾತಿನಲ್ಲಿ ಧ್ವನಿ, ಅಂದರೆ ಸೂಚಿತವಾಗುವ ಅರ್ಥ, ನೇರವಾಗಿ ಹೇಳಿದ ವಾಚ್ಯಾರ್ಥಕ್ಕಿಂತ ಬೇರೆಯಾಗಿ ಹೊಳೆಯುತ್ತದೆ, ಹೆಂಗಸರಲ್ಲಿ ಲಾವಣ್ಯವು ಪ್ರಸಿದ್ಧವಾದ ಅವಯವಗಳಿಗಿಂತ ಬೇರೆಯಾಗಿ ಹೊಳೆಯುವಂತೆ ಎನ್ನುವುದು ಅವನ ಧ್ವನ್ಯಾಲೋಕದ ಆರಂಭದಲ್ಲೇ ಬರುವ ಮಾತು. ಕೆ. ಕೃಷ್ಣಮೂರ್ತಿಯವರು ಈ ಗ್ರಂಥವನ್ನು ಕನ್ನಡಕ್ಕೆ ತಂದಿರುವುದರಿಂದ ಸಂಸ್ಕೃತ ಬಾರದವರೂ ಓದಬಹುದು. ಆನಂದವರ್ಧನನಿಗೆ ಅಲ್ಲಿ ಬೇಕಾಗಿದ್ದದ್ದು ಕಾವ್ಯದ ವಿಷಯ. ಹೆಣ್ಣಿನ ಲಾವಣ್ಯ ಅವನಿಗೆ ಉಪಮಾನವಷ್ಟೇ. ಆದರೆ ಆ ಉಪಮಾನ ನಿಲ್ಲಬೇಕಾದರೆ ಒಂದು ಮಾತನ್ನು ಎಲ್ಲರೂ ಒಪ್ಪಿರಬೇಕು: ಮೂಗು, ಕಣ್ಣು, ಬಣ್ಣ ಒಂದೊಂದೂ ಸರಿಯಾಗಿದ್ದು ಲಾವಣ್ಯವಿಲ್ಲದಿರಬಹುದು, ಒಂದೊಂದರಲ್ಲೂ ಕೊರತೆಯಿದ್ದು ಲಾವಣ್ಯ ತುಂಬಿರಬಹುದು. ಸಾವಿರ ವರ್ಷಗಳ ಹಿಂದೆ ಓದುಗರು ಚರ್ಚೆಯಿಲ್ಲದೆ ಒಪ್ಪುತ್ತಿದ್ದ ಈ ಮಾತನ್ನು ಇಂದಿನ ವಧುವರರ ಜಾಹೀರಾತು ಒಪ್ಪುವುದಿಲ್ಲ. ಅಲ್ಲಿ ಎತ್ತರ, ತೂಕ, ಬಣ್ಣ ಬೇರೆಬೇರೆ ಕಲಮುಗಳಾಗಿ ನಿಂತಿರುತ್ತವೆ. ಅವುಗಳಾಚೆ ಹೊಳೆಯುವಂಥದ್ದಕ್ಕೆ ಯಾವ ಕಲಮೂ ಇಲ್ಲ.

ಶ್ರವಣಬೆಳಗೊಳ ಇದಕ್ಕಿಂತ ಬೇರೆಯೇ ಆದ ಪಾಠ ಹೇಳುತ್ತದೆ. ಬೇಲೂರಿನಲ್ಲಿ ಒಡವೆಯಿಲ್ಲದ ಅಂಗವೇ ಇಲ್ಲ. ಕೊರಳ ಹಾರದ ಮಣಿಗಳನ್ನು ಎಣಿಸಬಹುದು. ಅಲ್ಲಿಂದ ಹೆಚ್ಚು ದೂರವೇನೂ ಇಲ್ಲದ ವಿಂಧ್ಯಗಿರಿಯ ಮೇಲೆ, ಸುಮಾರು 981ರಲ್ಲಿ ಚಾವುಂಡರಾಯ ಮಾಡಿಸಿದ ಗೊಮ್ಮಟನ ಮೈಮೇಲೆ ಒಂದು ನೂಲೂ ಇಲ್ಲ. ತೊಡೆ, ತೋಳುಗಳಿಗೆ ಹಬ್ಬಿದ ಬಳ್ಳಿಯೊಂದೇ ಅಲಂಕಾರ, ಅದೂ ಅವನು ಬೇಕೆಂದು ತೊಟ್ಟದ್ದಲ್ಲ, ತಪಸ್ಸಿನಲ್ಲಿ ನಿಂತವನ ಮೇಲೆ ತಾನಾಗಿ ಬೆಳೆದದ್ದು. 12ನೆಯ ಶತಮಾನದ ಕೊನೆಯ ಭಾಗದಲ್ಲಿ ಬೊಪ್ಪಣ ಪಂಡಿತನೆಂಬ ಕವಿ ಅಲ್ಲಿಯ ಶಾಸನವೊಂದರಲ್ಲಿ ಗೊಮ್ಮಟನನ್ನು ಸ್ತುತಿಸಿ ಬರೆದ ಪದ್ಯದ ಭಾವ ಹೀಗಿದೆ: ಆಕೃತಿ ಬಹಳ ಎತ್ತರವಾದರೆ ಅದರಲ್ಲಿ ಸೌಂದರ್ಯ ಇರುವುದಿಲ್ಲ, ಎತ್ತರವೂ ಸೌಂದರ್ಯವೂ ಎರಡೂ ಇದ್ದರೆ ಅತಿಶಯವಿರುವುದಿಲ್ಲ, ಎತ್ತರ, ಸೌಂದರ್ಯ, ಅತಿಶಯ ಮೂರೂ ಇವನಲ್ಲಿ ಬಂದು ನೆಲೆಸಿವೆ, ಇವನಿಗೆ ಇವನೇ ಉಪಮೆ. ಕನ್ನಡದಲ್ಲಿ ಶಿಲ್ಪವಿಮರ್ಶೆ ಎಂದು ಕರೆಯಬಹುದಾದ ಅತ್ಯುತ್ತಮ ಮಾತುಗಳಲ್ಲಿ ಇದನ್ನು ನಾನು ಸೇರಿಸುತ್ತೇನೆ. ಸುಮಾರು 58 ಅಡಿಯ ಬಂಡೆಯನ್ನು ಮನುಷ್ಯಾಕೃತಿಗೆ ತರುವಾಗ ಎದುರಾಗುವ ನಿಜವಾದ ತೊಡಕು ಏನೆಂದು ಬೊಪ್ಪಣನಿಗೆ ಗೊತ್ತಿತ್ತು. ಗಾತ್ರ ಹೆಚ್ಚಾದಂತೆ ಅದು ಬೆದರಿಸುತ್ತದೆ, ಬೆದರಿಕೆಯಿರುವ ಕಡೆ ಚೆಲುವು ನಿಲ್ಲುವುದು ಕಷ್ಟ. ಗೊಮ್ಮಟನ ಮೊಣಕಾಲಿನ ಕೆಳಗಿನ ಭಾಗ ಉಳಿದ ಮೈಗೆ ಹೋಲಿಸಿದರೆ ಮೋಟಾಗಿದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಳತೆಪಟ್ಟಿ ಹಿಡಿದರೆ ಅದು ದೋಷವೇ ಸರಿ. ಆದರೆ ಬೆಟ್ಟ ಹತ್ತಿ ಬಂದು ಎದುರಿಗೆ ನಿಂತವರಲ್ಲಿ ಆ ದೋಷದಿಂದ ಮನಸ್ಸು ಕದಡಿದವರನ್ನು ನಾನು ಕಂಡಿಲ್ಲ. ಏಕೆಂದರೆ ಆ ತುಟಿಯಂಚಿನ ನಗೆ ಕಣ್ಣನ್ನು ಮೇಲಕ್ಕೆ ಎಳೆದುಕೊಂಡು ಬಿಡುತ್ತದೆ. ಒಡವೆಯಿಂದ ತುಂಬಿದ್ದೂ ಸುಂದರ, ಒಡವೆಯನ್ನೆಲ್ಲ ಕಳಚಿಟ್ಟದ್ದೂ ಸುಂದರ ಎಂದಾದ ಮೇಲೆ ಸೌಂದರ್ಯದ ಗುಟ್ಟು ಒಡವೆಯಲ್ಲಿ ಇಲ್ಲ. ಯಾವುದು ಎಲ್ಲಿ ಒಪ್ಪುತ್ತದೋ ಅಲ್ಲಿರುವುದೇ ಆ ಗುಟ್ಟು; 11ನೆಯ ಶತಮಾನದ ಆಲಂಕಾರಿಕ ಕ್ಷೇಮೇಂದ್ರ ಇದನ್ನೇ ಔಚಿತ್ಯ ಎಂದು ಕರೆದ. ಸೊಂಟದ ಡಾಬನ್ನು ಕೊರಳಿಗೂ ಕೊರಳ ಹಾರವನ್ನು ಸೊಂಟಕ್ಕೂ ಹಾಕಿಕೊಂಡವರನ್ನು ಕಂಡು ಯಾರು ನಗುವುದಿಲ್ಲ ಎಂಬುದು ಅವನ ಪ್ರಶ್ನೆ.

ಇನ್ನೂ ಒಂದು ಜಾಗಕ್ಕೆ ನಿಮ್ಮ ಮಗಳನ್ನು ಕರೆದುಕೊಂಡು ಹೋಗಬೇಕೆಂದು ನನ್ನ ಆಸೆ. ಹಾಸನದಿಂದ ಬೇಲೂರಿನ ಕಡೆಗೆ ಹೋಗುವಾಗ ಮುಖ್ಯರಸ್ತೆಯಿಂದ ಒಳಕ್ಕಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯ ಅದು. 12ನೆಯ ಶತಮಾನದ ಆರಂಭದಲ್ಲಿ ಕುಲ್ಲಹಣ ರಾಹುತನೆಂಬ ವ್ಯಾಪಾರಿಯೂ ಅವನ ಹೆಂಡತಿ ಸಹಜಾದೇವಿಯೂ ಕಟ್ಟಿಸಿದ ಗುಡಿ. ಅಲ್ಲಿಯ ಕಾಳಿಯ ಗರ್ಭಗುಡಿಯ ಮುಂದೆ ಎರಡು ಬೇತಾಳಗಳು ನಿಂತಿವೆ. ಪಕ್ಕೆಲುಬು ಎಣಿಸುವಂತೆ ಎದ್ದು ಕಾಣುತ್ತದೆ, ಹೊಟ್ಟೆ ಬೆನ್ನಿಗೆ ಅಂಟಿದೆ, ಮೂಳೆಯ ಮೇಲೆ ಚರ್ಮವಿದೆಯೋ ಇಲ್ಲವೋ ಎನ್ನುವಂತಿದೆ. ಮಂದ ಬೆಳಕಿನಲ್ಲಿ ಅವು ಎದುರಾದಾಗ ಒಂದು ಗಳಿಗೆ ಎದೆ ಝಲ್ಲೆನ್ನುತ್ತದೆ. ಆಮೇಲೆ ಅಲ್ಲಿಂದ ಕಣ್ಣು ಕೀಳಲು ಆಗುವುದಿಲ್ಲ. ಇದು ಸೌಂದರ್ಯವಲ್ಲದಿದ್ದರೆ ಮತ್ತೇನು? ಭರತನ ನಾಟ್ಯಶಾಸ್ತ್ರ ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಬೀಭತ್ಸವೂ ಇವೆ. ಲೋಕದಲ್ಲಿ ನಾವು ಮುಖ ತಿರುಗಿಸುವಂಥದ್ದೇ ಕಲೆಯಲ್ಲಿ ಆಸ್ವಾದ್ಯವಾಗುತ್ತದೆ ಎಂಬುದನ್ನು ನಮ್ಮ ಆಲಂಕಾರಿಕರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಅದು ಏಕೆ ಹಾಗೆ ಎಂಬುದಕ್ಕೆ ಕಾಶ್ಮೀರದ ಆಲಂಕಾರಿಕ ಅಭಿನವಗುಪ್ತ ಕೊಟ್ಟ ಕಾರಣ ಸಾಧಾರಣೀಕರಣ. ಇದು ನನ್ನದು, ಇದು ಶತ್ರುವಿನದು, ಇದರಿಂದ ನನಗೆ ಲಾಭ, ಇದರಿಂದ ನನಗೆ ಹಾನಿ ಎಂಬ ಲೆಕ್ಕಗಳೆಲ್ಲ ಸ್ವಲ್ಪ ಹೊತ್ತು ಕಳಚಿ ಬಿದ್ದಾಗ, ಭಾವ ಎಲ್ಲರದೂ ಆಗಿ ನಿಲ್ಲುತ್ತದೆ, ಆಗ ಅದು ಆನಂದ ಕೊಡುತ್ತದೆ. ಮೈಸೂರಿನ ತತ್ತ್ವಶಾಸ್ತ್ರಜ್ಞ ಎಂ. ಹಿರಿಯಣ್ಣನವರು ಕಲಾನುಭವವನ್ನು ಕುರಿತು ಬರೆದ ಪ್ರಬಂಧಗಳಲ್ಲಿ ಈ ವಿಚಾರವನ್ನು ಬಹಳ ಶುದ್ಧವಾಗಿ ಬಿಡಿಸಿಟ್ಟಿದ್ದಾರೆ.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಕೂಡ 1790ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದಕ್ಕೆ ಹತ್ತಿರವಾದ ಮಾತನ್ನೇ ಹೇಳಿದ: ವಸ್ತುವನ್ನು ಪಡೆಯಬೇಕು, ಬಳಸಬೇಕು ಎಂಬ ಆಸಕ್ತಿಯಿಲ್ಲದೆ ದೊರೆಯುವ ಸಂತೋಷವೇ ಸೌಂದರ್ಯದ ಸಂತೋಷ. ಈ ಮಾತನ್ನು ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಒಪ್ಪದ ಕಾಲು ಪಾಲು ಯಾವುದೆಂದು ಚಿಕ್ಕಮಗಳೂರಿನ ಕಾಫಿ ತೋಟ ತೋರಿಸುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಒಂದು ವಾರ, ಹತ್ತು ದಿನ ಕಳೆದರೆ ತೋಟ ಪೂರ್ತಿ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಕಂಪು ರಸ್ತೆಯವರೆಗೂ ಬರುತ್ತದೆ, ಮೂರ್ನಾಲ್ಕು ದಿನಗಳಲ್ಲಿ ಹೂ ಕಂದುತ್ತದೆ. ಕಾರು ನಿಲ್ಲಿಸಿ ಫೋಟೊ ತೆಗೆಯುವ ಪ್ರವಾಸಿಗೆ ಅದರಿಂದ ಯಾವ ಲಾಭವೂ ಇಲ್ಲ, ಆದ್ದರಿಂದ ಕಾಂಟ್‌ನ ಪ್ರಕಾರ ಅವನ ಸಂತೋಷ ಶುದ್ಧ. ತೋಟದ ಯಜಮಾನನಾದರೋ ರೆಂಬೆಗೆ ಎಷ್ಟು ಹೂ ಕಟ್ಟಿದೆ, ಮುಂದಿನ ಮಳೆ ಸಮಯಕ್ಕೆ ಬಂದೀತೇ ಎಂದು ನೋಡುತ್ತಾನೆ. ಹಾಗೆಂದು ಅವನಿಗೆ ಸೌಂದರ್ಯ ಕಾಣುತ್ತಿಲ್ಲವೆಂದು ಹೇಳುವುದು ಅನ್ಯಾಯ. ವರ್ಷವಿಡೀ ಕಪಾತು ಮಾಡಿ, ನೆರಳು ಸರಿಪಡಿಸಿ, ಆಕಾಶ ನೋಡಿ ಕಾದ ಕಣ್ಣಿಗೆ, ಅದೇ ಗಿಡದ ಬುಡ ಬಿಡಿಸಿದ ಕೂಲಿ ಹೆಂಗಸಿನ ಕಣ್ಣಿಗೆ, ಆ ಬಿಳುಪು ಪ್ರವಾಸಿಗೆ ಕಾಣದಷ್ಟು ಆಳವಾಗಿ ಕಾಣುತ್ತದೆ. ಆಸಕ್ತಿ ಇರುವುದೆಲ್ಲ ಅಳತೆಯಲ್ಲ. ಪ್ರೀತಿಯಿಂದ, ಒಡನಾಟದಿಂದ ಹುಟ್ಟಿದ ಆಸಕ್ತಿ ನೋಟವನ್ನು ಇನ್ನಷ್ಟು ಚುರುಕು ಮಾಡುತ್ತದೆ. ಬೆಲೆ ಕಟ್ಟುವ ಆಸಕ್ತಿ ಅದನ್ನು ಕುರುಡಾಗಿಸುತ್ತದೆ. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂದು ನಗುತ್ತೇವಲ್ಲ, ಆ ಗಾದೆಯಲ್ಲೂ ಹೆತ್ತವರನ್ನು ಅಣಕಿಸುವುದಕ್ಕಿಂತ ಹೆಚ್ಚಿನದೊಂದು ತಿಳಿವಳಿಕೆ ಇದೆ ಎಂದು ನನಗನ್ನಿಸುತ್ತದೆ. ದಿನವೂ ಹತ್ತಿರದಿಂದ ನೋಡಿದವರಿಗೆ ಕಾಣುವುದು ದೂರದವರಿಗೆ ಕಾಣುವುದಿಲ್ಲ.

ಕವಿಗಳು ಹೊಣೆಯಲ್ಲವೇ ಎಂಬ ನಿಮ್ಮ ಪ್ರಶ್ನೆಗೆ ಹೌದು ಎಂದೇ ಉತ್ತರ. ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆಗಳಿರಬೇಕು, ನಾಯಕಿಯೆಂದರೆ ಪಾದದ ಉಗುರಿನಿಂದ ಮುಡಿಯವರೆಗೆ ಒಂದೊಂದು ಅಂಗಕ್ಕೂ ಉಪಮಾನ ಹುಡುಕಬೇಕು ಎಂಬ ಪದ್ಧತಿ ಬೆಳೆದ ಮೇಲೆ, ಸಾಮಾನ್ಯ ಕವಿಗಳ ಕೈಯಲ್ಲಿ ಅದು ನಿರ್ಜೀವವಾದ ಪಟ್ಟಿಯಾಯಿತು. ಕಣ್ಣು ತಾವರೆ, ನಡು ಸಿಂಹದ್ದು, ನಡಿಗೆ ಆನೆಯದು. ಈ ಪಟ್ಟಿಯಲ್ಲಿ ದುಡಿಯುವ ಹೆಂಗಸಿಗೆ, ವಯಸ್ಸಾದವಳಿಗೆ, ಅಂಗವಿಕಲಳಿಗೆ ಜಾಗವಿರಲಿಲ್ಲ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಈ ಪಟ್ಟಿಯನ್ನು ಒಡೆದವರೂ ಕವಿಗಳೇ, ಅದೂ ಅದೇ ಪರಂಪರೆಯ ಒಳಗೆ ನಿಂತು.

ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯನ್ನು ನೆನಪಿಸಿಕೊಳ್ಳಿ. ತರೀಕೆರೆಯ ಹತ್ತಿರದ ಅಮೃತಾಪುರದ ಗುಡಿಯಲ್ಲಿ ಇವನೇ ರಚಿಸಿದ ಶಾಸನಪದ್ಯಗಳನ್ನು ಇಂದಿಗೂ ನೋಡಬಹುದು. ರಾಣಿ ಅಮೃತಮತಿಗೆ ಸುಂದರನಾದ ರಾಜನಿದ್ದಾನೆ. ಆದರೂ ಬೆಳಗಿನ ಜಾವ ಕಿವಿಗೆ ಬಿದ್ದ ಒಂದು ಹಾಡಿಗೆ ಅವಳು ಸೋಲುತ್ತಾಳೆ. ಹಾಡಿದವನು ಆನೆಯ ಮಾವುತ, ಅಂಕುಡೊಂಕು ಮೈಯ ಅಷ್ಟಾವಂಕ. ಅವನನ್ನು ನೋಡಿ ಬಂದ ಸಖಿ ಅವನ ಕುರೂಪವನ್ನು ಅಸಹ್ಯಪಟ್ಟು ಬಣ್ಣಿಸಿದರೆ, ರಾಣಿ ಕೊಡುವ ಉತ್ತರದ ತಾತ್ಪರ್ಯ ಇಷ್ಟು: ಒಲವಾದ ಮೇಲೆ ರೂಪದ ತೊಡಕೇಕೆ? ಕಥೆಯ ಚೌಕಟ್ಟು ಅಮೃತಮತಿಯನ್ನು ಪಾಪಿ ಎನ್ನುತ್ತದೆ. ಅವಳು ಮುಂದೆ ಮಾಡುವ ಕೊಲೆಯನ್ನು ಸಮರ್ಥಿಸುವವರು ಯಾರೂ ಇಲ್ಲ. ಆದರೂ ಆ ಒಂದು ಮಾತನ್ನು ಅವಳ ಬಾಯಲ್ಲಿ ಇಟ್ಟ ಜನ್ನ, ಕಣ್ಣಿನ ಸೌಂದರ್ಯದ ಒಡೆತನವನ್ನು ಕಿವಿಯ ಸೌಂದರ್ಯದಿಂದ ಪ್ರಶ್ನಿಸಿಬಿಟ್ಟ. ಎಂಟುನೂರು ವರ್ಷ ಕಳೆದರೂ ಓದುಗರು ಆ ಪ್ರಶ್ನೆಯಿಂದ ಬಿಡಿಸಿಕೊಂಡಿಲ್ಲ. ಗಿರೀಶ ಕಾರ್ನಾಡರ ಹಿಟ್ಟಿನ ಹುಂಜ ಅದೇ ಕಥೆಯನ್ನು ಮತ್ತೆ ಕೈಗೆತ್ತಿಕೊಂಡಿತು. ಜನ್ನನಿಗಿಂತ ಮೊದಲು ಅಕ್ಕಮಹಾದೇವಿ ಸಾವಿಲ್ಲದ, ಕೇಡಿಲ್ಲದ, ರೂಪಿಲ್ಲದ ಚೆಲುವನಿಗೆ ತಾನು ಒಲಿದೆನೆಂದು ಹಾಡಿ, ಸಾಯುವ ಕೆಡುವ ಗಂಡಂದಿರನ್ನು ಒಲೆಗೆ ಹಾಕೆಂದಳು.

ನಮ್ಮ ಕಾಲಕ್ಕೆ ಇನ್ನೂ ಹತ್ತಿರದವರು ಕುವೆಂಪು. ಅವರು 1904ರಲ್ಲಿ ಹುಟ್ಟಿದ್ದು ಇಂದಿನ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ರಾಮಾಯಣದ ಪರಂಪರೆಯಲ್ಲಿ ಮಂಥರೆಯ ಗೂನುಬೆನ್ನು ಅವಳ ಗೂನುಮನಸ್ಸಿನ ಗುರುತಾಗಿ ನಿಂತಿತ್ತು. ಮೈ ಡೊಂಕಾದವಳು ಮನಸ್ಸಿನಲ್ಲೂ ಡೊಂಕೇ ಎಂದು ಕೇಳಿ ಕೇಳಿ ನಮಗೆ ಅದು ಸಹಜವಾಗಿಬಿಟ್ಟಿತ್ತು. ಶ್ರೀರಾಮಾಯಣ ದರ್ಶನಂನಲ್ಲಿ ಕುವೆಂಪು ಆ ಸಂಚಿಕೆಗೆ ಇಟ್ಟ ಹೆಸರು ‘ಮಮತೆಯ ಸುಳಿ ಮಂಥರೆ’. ಲೋಕದಿಂದ ತಿರಸ್ಕಾರವನ್ನಷ್ಟೇ ಕಂಡ ಕುರೂಪಿಗೆ ಕೈಕೆಯೊಬ್ಬಳೇ ಜೀವ. ಆ ಮಮತೆಯೇ ಸುಳಿಯಾಗಿ ಎಲ್ಲರನ್ನೂ ಎಳೆದುಕೊಳ್ಳುತ್ತದೆ. ದುರಂತ ತಪ್ಪುವುದಿಲ್ಲ, ಆದರೆ ಮಂಥರೆಯನ್ನು ನೋಡುವ ನಮ್ಮ ಕಣ್ಣು ಬೇರೆಯಾಗುತ್ತದೆ. ಸಾಹಿತ್ಯವು ಸಮಾಜದ ಸೌಂದರ್ಯಪ್ರಜ್ಞೆಗೆ ಮಾಡಬಹುದಾದ ದೊಡ್ಡ ಉಪಕಾರ ಇದಕ್ಕಿಂತ ಬೇರೆ ಇರಲಾರದು. ರೂಪಕ್ಕೂ ಗುಣಕ್ಕೂ ಗಂಟುಹಾಕಿ, ಚೆಂದವಿದ್ದವರೆಲ್ಲ ಒಳ್ಳೆಯವರು, ವಿಕಾರವಿದ್ದವರೆಲ್ಲ ಕೆಟ್ಟವರು ಎನ್ನುವ ಕಥೆಗಳನ್ನು ಮಕ್ಕಳಿಗೆ ಹೇಳುವಾಗ ಶಿಕ್ಷಕಿಯಾದ ನೀವು ಈ ಮಂಥರೆಯನ್ನು ಜೊತೆಗಿಟ್ಟುಕೊಳ್ಳಬೇಕು. ಸೌಂದರ್ಯಕ್ಕೂ ಸತ್ಯಕ್ಕೂ ಇರುವ ಸಂಬಂಧ ಇದಕ್ಕಿಂತ ಜಟಿಲವಾದ ವಿಷಯ; ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪನವರು ಡಾಕ್ಟರೇಟ್‌ಗಾಗಿ ಆರಿಸಿಕೊಂಡದ್ದೇ ‘ಸತ್ಯ ಮತ್ತು ಸೌಂದರ್ಯ’ವನ್ನು. ಮಗಳಿಗೆ ಆಸಕ್ತಿ ಹುಟ್ಟಿದರೆ ಮುಂದೆ ಅದನ್ನು ಓದಲಿ.

ಇಷ್ಟೆಲ್ಲ ಆದ ಮೇಲೆ ‘ಸೌಂದರ್ಯ ನೋಡುವವರ ಕಣ್ಣಿನಲ್ಲಿದೆ’ ಎಂದು ಹೇಳಿ ಮುಗಿಸಬಹುದಲ್ಲ ಎಂದು ನೀವು ಕೇಳಬಹುದು. ಹಾಗೆ ಮುಗಿಸುವುದಕ್ಕೆ ನನ್ನ ವಿರೋಧವಿದೆ. ಎಲ್ಲವೂ ಅವರವರ ಕಣ್ಣಿನಲ್ಲೇ ಇರುವುದಾದರೆ, ಬಣ್ಣ ಕಡಿಮೆ ಎಂದವರ ಕಣ್ಣೂ ಸರಿ ಎಂದಾಗಿಬಿಡುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಬೇರೆಬೇರೆ ದೇಶಗಳ, ನಮ್ಮ ಪುರಾಣಗಳ ಗಂಧವೂ ಇಲ್ಲದ ಜನ ಒಪ್ಪಿದ್ದರು. ಇಷ್ಟು ಜನರ ಕಣ್ಣು ಒಂದೇ ಕಡೆ ನಿಲ್ಲಬೇಕಾದರೆ ಕಲ್ಲಿನಲ್ಲೂ ಏನೋ ಇರಲೇಬೇಕು. ಸೌಂದರ್ಯ ವಸ್ತುವಿನಲ್ಲಿ ಅರ್ಧ ಇದೆ, ಅದನ್ನು ಕಾಣಲು ತಯಾರಾದ ಮನಸ್ಸಿನಲ್ಲಿ ಅರ್ಧ ಇದೆ. ಅಂಥ ಮನಸ್ಸುಳ್ಳವನನ್ನು ನಮ್ಮವರು ಸಹೃದಯ ಎಂದರು, ಅಭ್ಯಾಸದಿಂದ ಮನಸ್ಸೆಂಬ ಕನ್ನಡಿಯನ್ನು ತಿಳಿಯಾಗಿಸಿಕೊಂಡವನು ಎಂದು ಅಭಿನವಗುಪ್ತ ಅವನನ್ನು ವಿವರಿಸಿದ. ಅಂದರೆ ನೋಡುವುದು ಕಲಿತು ಬರುವ ವಿದ್ಯೆ, ಕಲಿಯದೆ ಇರುವುದು ಒಂದು ಕೊರತೆ. ನಿಮ್ಮ ಅತಿಥಿಗಳಲ್ಲಿದ್ದದ್ದು ಆ ಕೊರತೆ.

ಈ ಕೊರತೆಯನ್ನು ಬೆಳೆಸುವುದರಲ್ಲಿ ಮಾರುಕಟ್ಟೆಗೆ ದೊಡ್ಡ ಪಾಲಿದೆ. ಫೇರ್ ಅಂಡ್ ಲವ್ಲಿ ಎಂಬ ಮುಲಾಮು 1975ರಲ್ಲಿ ನಮ್ಮ ಅಂಗಡಿಗಳಿಗೆ ಬಂತು. ಅದರ ಹೆಸರಿನಿಂದ ಬಿಳುಪಿನ ಮಾತು ಕಳಚಿ ಗ್ಲೋ ಅಂಡ್ ಲವ್ಲಿ ಆದದ್ದು 2020ರಲ್ಲಿ. ನಡುವೆ ಎರಡು ತಲೆಮಾರಿನ ಹುಡುಗಿಯರು, ಕಪ್ಪಾಗಿದ್ದರೆ ಕೆಲಸವೂ ಸಿಗದು, ಗಂಡನೂ ಸಿಗದು ಎಂಬ ಜಾಹೀರಾತುಗಳನ್ನು ನೋಡುತ್ತ ಬೆಳೆದರು. ಬಣ್ಣದ ವ್ಯಾಮೋಹ ಅದಕ್ಕಿಂತ ಬಹಳ ಹಳೆಯದು, ಜಾತಿ ಮತ್ತು ಬಿಸಿಲಿನ ದುಡಿಮೆಯ ಜೊತೆ ಹೆಣೆದುಕೊಂಡದ್ದು. ಬಿಸಿಲಿಗೆ ಬೀಳದೆ ಬದುಕಬಲ್ಲವರ ಚರ್ಮವೇ ಮರ್ಯಾದೆಯ ಗುರುತಾಗಿತ್ತು. ಅದನ್ನು ಟ್ಯೂಬಿನಲ್ಲಿ ತುಂಬಿ ಬೆಲೆ ಅಂಟಿಸಿದ್ದು ಮಾತ್ರ ಹೊಸದು. 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ರೈತಸಂಘದವರಿಂದ ಮಹಿಳಾ ಸಂಘಟನೆಗಳವರೆಗೆ ಹಲವರು ಬೇರೆಬೇರೆ ಕಾರಣಗಳಿಗಾಗಿ ಪ್ರತಿಭಟಿಸಿದರು. ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಸಾಗಿಸಬೇಕಾಯಿತು. ಅಂದು ತೀರ್ಪುಗಾರರು ಅಂಕ ಕೊಡುತ್ತಿದ್ದರು. ಇಂದು ಫೋನಿನ ಫಿಲ್ಟರ್ ಕೇಳದೆಯೇ ಮೂಗನ್ನು ಚೂಪಾಗಿಸಿ ಬಣ್ಣ ತಿಳಿಯಾಗಿಸಿ ತೋರಿಸುತ್ತದೆ, ಮಕ್ಕಳು ತಮ್ಮ ಮುಖಕ್ಕೆ ತಾವೇ ಕಡಿಮೆ ಅಂಕ ಹಾಕಿಕೊಳ್ಳುತ್ತಾರೆ.

ಇದರಿಂದ ಸಿಂಗಾರವೇ ತಪ್ಪೆಂದು ತಿಳಿಯಬಾರದು. ಹೂ ಮುಡಿಯುವುದು, ಒಪ್ಪುವ ಸೀರೆ ಆರಿಸುವುದು, ಹೊಸಿಲಿಗೆ ರಂಗೋಲಿ ಇಡುವುದು ಒಂದೇ ಬುಗ್ಗೆಯಿಂದ ಬಂದವು. ತನ್ನ ಸುತ್ತಲಿನ ಲೋಕವನ್ನು ಒಂದಿಷ್ಟು ಹಸನು ಮಾಡಬೇಕೆಂಬ ಆಸೆ ಅದು. ಮದನಿಕೆ ಕನ್ನಡಿ ನೋಡಿಕೊಳ್ಳುತ್ತಿರುವುದು ತನ್ನ ಸಂತೋಷಕ್ಕೆ. ಸಿಂಗಾರ ಯಾರದೋ ಅಳತೆಗೆ ತಲೆಬಾಗುವ ಶಿಕ್ಷೆಯಾದಾಗಲಷ್ಟೇ ಅದು ಹೊರೆ.

ಸಂಸ್ಕೃತದ ಮಾಘ ಕವಿಯ ಒಂದು ಪ್ರಸಿದ್ಧ ಮಾತನ್ನು ಮಗಳಿಗೆ ಹೇಳಿ. ಕ್ಷಣಕ್ಷಣಕ್ಕೂ ಹೊಸದಾಗುವುದೇ ರಮಣೀಯತೆಯ ರೂಪ ಎನ್ನುವ ಆ ಮಾತು ಬಂದಿರುವುದು ಹೆಣ್ಣಿನ ವರ್ಣನೆಯಲ್ಲಿ ಅಲ್ಲ, ರೈವತಕ ಪರ್ವತದ ವರ್ಣನೆಯಲ್ಲಿ. ಮುಂಚೆ ಎಷ್ಟೋ ಸಲ ನೋಡಿದ್ದ ಬೆಟ್ಟವೇ ಕೃಷ್ಣನಿಗೆ ಹೊಸದಾಗಿ ಕಂಡ ಸಂದರ್ಭ ಅದು. ದಿನವೂ ಮಲೆನಾಡಿನ ಬೆಟ್ಟ ನೋಡುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಮನುಷ್ಯರಿಗೂ ಇದನ್ನೇ ಅನ್ವಯಿಸಬೇಕು: ಮಾತಾಡಿದಷ್ಟೂ, ಒಡನಾಡಿದಷ್ಟೂ ಹೊಸದಾಗಿ ಕಾಣುವವರು ಯಾರು ಎಂದು ನೋಡಬೇಕು. ಇಪ್ಪತ್ತು ನಿಮಿಷದ ಕಾಫಿ, ಕೇಸರಿಬಾತಿನಲ್ಲಿ ಅದು ತಿಳಿಯುವುದಿಲ್ಲ. ಮುಂದೆ ಬರುವವರಿಗೆ, ಬಣ್ಣದ ಪ್ರಸ್ತಾಪ ನಮ್ಮ ಮನೆಯಲ್ಲಿ ಬೇಡ, ಹುಡುಗ ಹುಡುಗಿ ಎರಡು ಮೂರು ಸಲ ಕೂತು ಮಾತಾಡಲಿ, ಆಮೇಲೆ ಇಬ್ಬರೂ ತಮ್ಮ ಅಭಿಪ್ರಾಯ ಹೇಳಲಿ ಎಂದು ದಲ್ಲಾಳಿಯ ಮೂಲಕ ಮೊದಲೇ ತಿಳಿಸಿಬಿಡಿ. ಹುಡುಗಿಗೂ ಹುಡುಗನನ್ನು ನೋಡುವ ಹಕ್ಕಿದೆ ಎಂಬುದನ್ನು ಅದೇ ಮಾತಿನಲ್ಲಿ ಸೇರಿಸಿ. ಇದಕ್ಕೆ ಒಪ್ಪದವರು ಬಾರದಿದ್ದರೆ ನಷ್ಟವಿಲ್ಲ. ಮಗಳೊಡನೆ ಬೇಲೂರಿಗೆ ಮತ್ತೊಮ್ಮೆ ಹೋಗುವುದಾದರೆ, ಎಲ್ಲ ಮದನಿಕೆಯರನ್ನೂ ಒಂದೇ ಸುತ್ತಿನಲ್ಲಿ ಮುಗಿಸದೆ ಯಾವುದಾದರೂ ಒಬ್ಬಳ ಮುಂದೆ ಅರ್ಧ ಗಂಟೆ ಕೂತು, ಪೆನ್ಸಿಲ್ ಹಿಡಿದು ಅವಳ ನಿಲುವಿನ ಗೆರೆಯನ್ನು ಮಾತ್ರ ಬಿಡಿಸಲು ಹೇಳಿ. ಚಿತ್ರ ಬಾರದಿದ್ದರೂ ಚಿಂತೆಯಿಲ್ಲ; ಭಾರ ಯಾವ ಕಾಲಿನ ಮೇಲಿದೆ ಎಂದು ಕೈಗೆ ಗೊತ್ತಾದರೆ ಸಾಕು, ಸೌಂದರ್ಯ ಎಂದರೆ ಏನೆಂದು ಅವಳು ಕೇಳಿದ್ದಕ್ಕೆ ಉತ್ತರದ ಮೊದಲ ಭಾಗ ಅಲ್ಲಿಯೇ ಸಿಗುತ್ತದೆ.